ಒಂದೇ ಗಾಳಿಗೆ ನಾಲ್ಕು ಸಾಕ್ಷಿಗಳು: ಮೂರು ಬಗೆಯ ಸೋನಿಕ್ ಅನಿಮೋಮೀಟರ್‌ಗಳನ್ನು ಬಯಲಿನಲ್ಲಿ ಹೋಲಿಸಿ ನೋಡಿದ ಮೇಲೆ

ಗಾಳಿಯ ಪ್ರಕ್ಷುಬ್ಧತೆಯನ್ನು, ಅಂದರೆ ಸುಳಿಗಳಿಂದಾಗುವ ಅದರ ಏರಿಳಿತವನ್ನು, ಅಳೆಯುವ ಉಪಕರಣ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಇವುಗಳಲ್ಲಿ ಯಾವುದು ಹೆಚ್ಚು ನಿಖರ?’ ಎಂಬುದು. ಮೂರು ಬಗೆಯ ಸೋನಿಕ್ ಅನಿಮೋಮೀಟರ್‌ಗಳನ್ನು ಒಂದೇ ಬಯಲಿನಲ್ಲಿ, ಒಂದೇ ಎತ್ತರದಲ್ಲಿ, ಆರು ವಾರಗಳ ಕಾಲ ಸಾಲಾಗಿ ನಿಲ್ಲಿಸಿ ಹೋಲಿಸುವ ಕೆಲಸವನ್ನು ಸಂಘಟಿಸಿದ ಮೇಲೂ ಆ ಪ್ರಶ್ನೆಗೆ ನಾನು ಒಂದೇ ಮಾತಿನ ಉತ್ತರ ಕೊಡಲಾರೆ. ‘ಯಾವುದರ ತಪ್ಪನ್ನು ನಾವು ಕಂಡುಹಿಡಿಯಬಹುದು, ಯಾವುದು ತನ್ನ ತಪ್ಪನ್ನು ಮುಚ್ಚಿಡುತ್ತದೆ?’ ಎಂದು ಕೇಳಿದರೆ ಮಾತ್ರ ಖಚಿತವಾಗಿ ಹೇಳಬಲ್ಲೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆಯೂ ಅದೇ ಎಂಬುದು ಈಗ ನನ್ನ ಅಭಿಪ್ರಾಯವಾಗಿರುವುದರಿಂದ, ಈ ವಿಮರ್ಶೆಯನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಉಪಕರಣದ ತತ್ತ್ವ ಸರಳವಾದುದು. ಸೋನಿಕ್ ಅನಿಮೋಮೀಟರ್‌ನಲ್ಲಿ ತಿರುಗುವ ಬಟ್ಟಲುಗಳೂ ಇಲ್ಲ, ರೆಕ್ಕೆಗಳೂ ಇಲ್ಲ. ಎದುರುಬದುರಾಗಿ ಕೂರಿಸಿದ ಎರಡು ಟ್ರಾನ್ಸ್‌ಡ್ಯೂಸರ್‌ಗಳು (ಧ್ವನಿಯನ್ನು ಹೊರಡಿಸುವ, ಗ್ರಹಿಸುವ ಬಿಲ್ಲೆಗಳು) ಒಂದಕ್ಕೊಂದು ಶ್ರವಣಾತೀತ ಧ್ವನಿಯ ಮಿಡಿತಗಳನ್ನು ಕಳಿಸುತ್ತವೆ; ಗಾಳಿಯ ಜೊತೆಗೆ ಸಾಗುವ ಮಿಡಿತ ಬೇಗ ತಲುಪುತ್ತದೆ, ಗಾಳಿಗೆ ಎದುರಾಗಿ ಸಾಗುವುದು ತಡವಾಗಿ ತಲುಪುತ್ತದೆ. ಈ ಎರಡು ಕಾಲಗಳ ವಿಲೋಮಗಳ ವ್ಯತ್ಯಾಸದಿಂದ ಆ ಹಾದಿಯ ದಿಕ್ಕಿನಲ್ಲಿರುವ ಗಾಳಿಯ ವೇಗ ದೊರೆಯುತ್ತದೆ, ಮೊತ್ತದಿಂದ ಧ್ವನಿಯ ವೇಗವೂ ಅದರ ಮೂಲಕ ಉಷ್ಣತೆಯೂ ದೊರೆಯುತ್ತವೆ. ಮೂರು ಜೋಡಿಗಳಿದ್ದರೆ ಗಾಳಿಯ ಮೂರೂ ಆಯಾಮಗಳು ಸಿಕ್ಕಂತೆ. 10 ಸೆಂ.ಮೀ. ಉದ್ದದ ಹಾದಿಯನ್ನು ದಾಟಲು ಧ್ವನಿಗೆ ಸುಮಾರು 0.3 ಮಿಲಿಸೆಕೆಂಡ್ ಬೇಕು. ಗಾಳಿಯ ವೇಗ ಸೆಕೆಂಡಿಗೆ 1 ಸೆಂ.ಮೀ.ನಷ್ಟು ಬದಲಾದರೆ ಆ ಕಾಲದಲ್ಲಿ ಆಗುವ ವ್ಯತ್ಯಾಸ ಸುಮಾರು 9 ನ್ಯಾನೊಸೆಕೆಂಡ್. ಇಷ್ಟು ಸಣ್ಣ ವ್ಯತ್ಯಾಸವನ್ನು ಬಿಸಿಲು, ಇಬ್ಬನಿ, ದೂಳುಗಳ ನಡುವೆ ನಿಂತು ಸೆಕೆಂಡಿಗೆ 20 ಸಲ ಎಣಿಸುವ ಸಾಧನವಿದು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ನಾನು ಎತ್ತುವ ಆಕ್ಷೇಪಗಳನ್ನು ಅವುಗಳ ಅಳತೆಗೆ ತಕ್ಕಂತೆ ತೂಗಬಹುದು.

ಇಂಥ ಹೋಲಿಕೆಗಳಿಗೆ ಹಳೆಯ ಪರಂಪರೆಯಿದೆ. 1968ರಲ್ಲಿ ವ್ಯಾಂಕೂವರ್‌ನಲ್ಲಿ, 1970ರಲ್ಲಿ ಸೋವಿಯತ್ ಒಕ್ಕೂಟದ ಸಿಮ್ಲ್ಯಾನ್ಸ್ಕ್‌ನಲ್ಲಿ, 1976ರಲ್ಲಿ ಆಸ್ಟ್ರೇಲಿಯಾದ ಕೊನಾರ್ಗೊದಲ್ಲಿ ನಡೆದ ಅಂತರರಾಷ್ಟ್ರೀಯ ಹೋಲಿಕೆಗಳಲ್ಲಿ ಬೇರೆ ಬೇರೆ ದೇಶಗಳ ತಂಡಗಳು ತಮ್ಮ ತಮ್ಮ ಉಪಕರಣಗಳನ್ನು ಒಂದೆಡೆ ತಂದು ನಿಲ್ಲಿಸಿದವು. ಇಷ್ಟೆಲ್ಲ ಶ್ರಮ ಏಕೆಂದರೆ, ಪ್ರಕ್ಷುಬ್ಧತೆಗೆ ಆಧಾರಮಾನ ಎಂಬುದೇ ಇಲ್ಲ. ತೂಕದ ಕಲ್ಲಿನಂತೆ ತಂದಿಟ್ಟು ‘ಇದು ಸರಿ, ಉಳಿದದ್ದನ್ನು ಇದಕ್ಕೆ ಹೋಲಿಸಿ’ ಎನ್ನಬಹುದಾದ ಉಪಕರಣ ಬಯಲಿನಲ್ಲಿ ಸಿಗುವುದಿಲ್ಲ. ಗಾಳಿಸುರಂಗದಲ್ಲಿ ಪರೀಕ್ಷಿಸಬಹುದಲ್ಲವೇ ಎಂದರೆ, ಸುರಂಗದ ಗಾಳಿ ಹೆಚ್ಚುಕಡಿಮೆ ಒಂದೇ ಸಮನೆ ಹರಿಯುವಂಥದ್ದು. ಸುಳಿಗಳಿಂದ ತುಂಬಿದ ಹೊರಗಿನ ಗಾಳಿ ಟ್ರಾನ್ಸ್‌ಡ್ಯೂಸರ್‌ಗಳ ಸುತ್ತ ಹರಿಯುವ ರೀತಿಯೇ ಬೇರೆ. ಹೀಗಾಗಿ ಸುರಂಗದಲ್ಲಿ ಪಡೆದ ತಿದ್ದುಪಡಿಯನ್ನು ಬಯಲಿಗೆ ಹಾಗೆಯೇ ಒಯ್ಯುವುದು ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ತಯಾರಕರ ಕೈಪಿಡಿಯಲ್ಲಿ ಅಚ್ಚಾದ ನಿಖರತೆಯ ಅಂಕಿಗಳನ್ನೂ ಈ ಹಿನ್ನೆಲೆಯಲ್ಲೇ ಓದಬೇಕು.

ನಾವು ನಿಲ್ಲಿಸಿದ್ದು ನಾಲ್ಕು ಉಪಕರಣಗಳನ್ನು. ಮೊದಲನೆಯದು, ಉದ್ದನೆಯ ತೋಳಿನ ತುದಿಯಲ್ಲಿ ಅಳತೆಯ ಜಾಗವನ್ನು ಗಾಳಿಗೆ ಮುಂದೊಡ್ಡುವ, ಮೂರೂ ಹಾದಿಗಳು ಓರೆಯಾಗಿರುವ ಬಗೆ. ಎರಡನೆಯದು, ಕಂಬದ ತುದಿಯಲ್ಲಿ ನೇರ ನಿಲ್ಲುವ, ಮೂರು ಕಡ್ಡಿಗಳ ನಡುವೆ ಹಾದಿಗಳಿರುವ, ಯಾವ ದಿಕ್ಕಿನ ಗಾಳಿಯನ್ನಾದರೂ ಸ್ವೀಕರಿಸುವ ಬಗೆ. ಮೂರನೆಯದು, ಹಾದಿಗಳು ಪರಸ್ಪರ ಲಂಬವಾಗಿದ್ದು, ಒಂದು ನೇರ ಮೇಲಕ್ಕೆ, ಉಳಿದೆರಡು ಅಡ್ಡಲಾಗಿ ಇರುವ ಬಗೆ. ನಾಲ್ಕನೆಯದು ಮೊದಲನೆಯದರ ಅವಳಿ: ಅದೇ ತಯಾರಕರದು, ಅದೇ ಮಾದರಿ, ಅದೇ ಫರ್ಮ್‌ವೇರ್ (ಉಪಕರಣದೊಳಗೇ ಇರುವ ತಂತ್ರಾಂಶ). ‘ಇದ್ದದ್ದನ್ನೇ ಇನ್ನೊಂದು ಏಕೆ ತರಬೇಕು?’ ಎಂದು ತಂಡದಲ್ಲಿ ಆಕ್ಷೇಪವಿತ್ತು. ಇಡೀ ಕೆಲಸದಲ್ಲಿ ನಾನು ಹಟ ಹಿಡಿದು ಗೆದ್ದ ಒಂದೇ ವಿಷಯವಿದು, ಮತ್ತು ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಅವಳಿಗಳೆರಡೂ ತಮ್ಮತಮ್ಮಲ್ಲೇ ಎಷ್ಟು ಭಿನ್ನವಾಗುತ್ತವೆ ಎಂಬುದು ತಿಳಿಯದೆ ಬೇರೆ ಬಗೆಗಳ ನಡುವಣ ಭಿನ್ನತೆಗೆ ಅರ್ಥ ಕಟ್ಟಲಾಗದು. ಆ ವ್ಯತ್ಯಾಸ ಜಾಗದ್ದೋ, ಗಾಳಿಯ ಆಕಸ್ಮಿಕತೆಯದೋ, ಉಪಕರಣದ್ದೋ ಎಂದು ಬೇರ್ಪಡಿಸಲು ನಮಗಿದ್ದ ಏಕೈಕ ಅಳತೆಗೋಲು ಆ ಅವಳಿ.

ಉಪಕರಣಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದು ಕಾಣುವಷ್ಟು ಸುಲಭವಲ್ಲ. ತೀರ ಹತ್ತಿರ ನಿಲ್ಲಿಸಿದರೆ ಒಂದರ ಚೌಕಟ್ಟು ಕೆಡಿಸಿದ ಗಾಳಿಯನ್ನು ಇನ್ನೊಂದು ಅಳೆಯುತ್ತದೆ. ದೂರ ನಿಲ್ಲಿಸಿದರೆ ಎರಡೂ ಬೇರೆ ಬೇರೆ ಸುಳಿಗಳನ್ನು ಅಳೆಯುತ್ತವೆ. ನೆಲದ ಹತ್ತಿರ, ಗಾಳಿಯನ್ನು ಮೇಲೆ ಕೆಳಗೆ ಒಯ್ಯುವ ಸುಳಿಗಳ ಗಾತ್ರ ಸ್ಥೂಲವಾಗಿ ಅಳತೆಯ ಎತ್ತರದಷ್ಟು ಇರುತ್ತದೆ ಎಂಬ ತಿಳಿವಳಿಕೆಯ ಮೇಲೆ, 4 ಮೀಟರ್ ಎತ್ತರಕ್ಕೆ 4 ಮೀಟರ್ ಅಂತರವನ್ನು ಇಟ್ಟುಕೊಂಡೆವು. ಸಾಲನ್ನು ಹೆಚ್ಚಾಗಿ ಬೀಸುವ ಗಾಳಿಗೆ ಅಡ್ಡಲಾಗಿ ಹಾಕಿ, ಗಾಳಿ ಬರುವ ಕಡೆ ಎತ್ತರದ ನೂರು ಪಟ್ಟು ದೂರದವರೆಗೆ ಒಂದೇ ಸಮನಾದ ಹುಲ್ಲು ಇರುವಂತೆ ನೋಡಿಕೊಂಡೆವು. ಮೂರು ವಾರಗಳ ನಂತರ ಉಪಕರಣಗಳ ಸ್ಥಾನಗಳನ್ನು ಅದಲುಬದಲು ಮಾಡಿದೆವು. ಅದೊಂದು ದಿನದ ಬೇಸರದ ಕೆಲಸ. ಆದರೆ ಆ ಬದಲಾವಣೆಯ ನಂತರ ಒಂದು ವ್ಯತ್ಯಾಸ ಉಪಕರಣದ ಜೊತೆ ಹೋಗದೆ ಕಂಬದ ಬಳಿಯೇ ಉಳಿದಾಗ, ನಾವು ಮೂರು ವಾರ ಉಪಕರಣವೊಂದರ ಮೇಲೆ ಹೊರಿಸಿದ್ದ ಅಪವಾದ ಸುಳ್ಳೆಂದು ತಿಳಿಯಿತು.

ಈಗ ಒಂದೊಂದಾಗಿ ಉಪಕರಣಗಳ ವಿಷಯಕ್ಕೆ ಬರುತ್ತೇನೆ.

ಓರೆ ಹಾದಿಗಳ, ತೋಳಿನ ತುದಿಯ ಬಗೆಗೆ ಎಲ್ಲರೂ ಬಲ್ಲ ಉದಾಹರಣೆ ಕ್ಯಾಂಪ್‌ಬೆಲ್ ಸೈಂಟಿಫಿಕ್ ಕಂಪನಿಯ ಸಿಸ್ಯಾಟ್3. ಅದರ ಟ್ರಾನ್ಸ್‌ಡ್ಯೂಸರ್‌ಗಳ ವ್ಯಾಸ ಕೇವಲ 6.4 ಮಿ.ಮೀ.; ಹಾದಿಗಳು ಕ್ಷಿತಿಜಕ್ಕೆ 60 ಡಿಗ್ರಿ ಓರೆಯಾಗಿದ್ದು, ಲಂಬವಾಗಿ 10 ಸೆಂ.ಮೀ. ಮತ್ತು ಅಡ್ಡಲಾಗಿ 5.8 ಸೆಂ.ಮೀ. ವ್ಯಾಪಿಸುತ್ತವೆ. ಈ ವಿನ್ಯಾಸದ ಜಾಣತನವಿರುವುದು ಆ 60 ಡಿಗ್ರಿಯಲ್ಲಿ: ಗಾಳಿ ಅಡ್ಡಲಾಗಿ ಬೀಸುವಾಗ ಅದು ಯಾವ ಹಾದಿಗೂ ಸಮಾನಾಂತರವಾಗುವುದಿಲ್ಲ, ಆದ್ದರಿಂದ ಟ್ರಾನ್ಸ್‌ಡ್ಯೂಸರ್ ತನ್ನ ಹಿಂದೆ ಎಬ್ಬಿಸುವ ಮಂದ ಗಾಳಿಯ ನೆರಳು ಹಾದಿಯುದ್ದಕ್ಕೂ ಬೀಳುವುದಿಲ್ಲ. ಇದರ ಬೆಲೆಯನ್ನು ಬೇರೆಡೆ ತೆರಬೇಕಾಗುತ್ತದೆ. ಲಂಬ ವೇಗವನ್ನು ಯಾವುದೋ ಒಂದು ಹಾದಿಯಲ್ಲಿ ನೇರವಾಗಿ ಅಳೆಯದೆ ಮೂರನ್ನೂ ಕೂಡಿಸಿ ಲೆಕ್ಕ ಹಾಕುವುದರಿಂದ, ಒಂದೊಂದು ಹಾದಿಯಲ್ಲೂ ಉಳಿಯುವ ಅಲ್ಪ ನೆರಳಿನ ದೋಷ ಲಂಬ ವೇಗದಲ್ಲಿ ಬಂದು ಸೇರುತ್ತದೆ. ಈ ಬಗೆಯ ಉಪಕರಣ ಲಂಬ ವೇಗವನ್ನು ಶೇ ನಾಲ್ಕೈದರ ಆಸುಪಾಸಿನಷ್ಟು ಕಡಿಮೆ ತೋರಿಸುತ್ತದೆ ಎಂಬ ವಾದ ಹತ್ತು ವರ್ಷಗಳಿಗೂ ಹಿಂದಿನಿಂದ ಪ್ರಕಟಿತ ಸಂಶೋಧನೆಗಳಲ್ಲಿ ನಡೆದಿದೆ. ನನ್ನ ಮಟ್ಟಿಗೆ ಇದು ಕೊಳ್ಳಬಾರದೆನ್ನುವುದಕ್ಕೆ ಕಾರಣವಲ್ಲ, ಬದಲಾಗಿ ಕೊಳ್ಳಬೇಕೆನ್ನುವುದಕ್ಕೆ ಕಾರಣ. ತಯಾರಕರು ಹಾದಿಗಳ ಜ್ಯಾಮಿತಿಯನ್ನು ಬಿಡಿಸಿ ಹೇಳಿರುವುದರಿಂದ ಮೂರು ಹಾದಿಗಳ ಮೂಲ ವೇಗಗಳಿಗೆ ಹಿಂದಿರುಗಿ, ತಿದ್ದುಪಡಿಯನ್ನು ನಾವೇ ಹಾಕಿ, ಬೇಡವೆನಿಸಿದರೆ ತೆಗೆದುಹಾಕಬಹುದು. ದೋಷ ಎಲ್ಲಿದೆಯೆಂದು ಜಗತ್ತೆಲ್ಲ ಚರ್ಚಿಸಿರುವ ಉಪಕರಣಕ್ಕಿಂತ ಯಾರೂ ಚರ್ಚಿಸದ ಉಪಕರಣವನ್ನು ನಂಬುವುದು ಹೇಗೆ?

ಇದರ ಕೊರತೆ ದಿಕ್ಕಿಗೆ ಸಂಬಂಧಿಸಿದ್ದು. ಹಿಂದಿನಿಂದ, ಅಂದರೆ ತೋಳು ಮತ್ತು ಕಂಬದ ಕಡೆಯಿಂದ ಗಾಳಿ ಬಂದಾಗಿನ ಮಾಹಿತಿಯನ್ನು ಕೈಬಿಡಬೇಕಾಗುತ್ತದೆ. ಗಾಳಿಯ ದಿಕ್ಕು ದಿನಕ್ಕೆ ಎರಡು ಸಲ ತಿರುಗುವಂಥ ಜಾಗದಲ್ಲಿ ಅರ್ಧ ಮಾಹಿತಿ ಹೀಗೆಯೇ ಹೋಗಬಹುದು. ಹೊಸ ಸಿಸ್ಯಾಟ್3ಬಿ ಮಾದರಿಯಲ್ಲಿ ಓರೆಯನ್ನು ಅಳೆಯುವ ಸಾಧನ ಒಳಗೇ ಇರುವುದು ಸ್ವಾಗತಾರ್ಹ. ಇದೇನು ದೊಡ್ಡ ಮಾತು ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಲಿ: ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುವಾಗ ಉಪಕರಣ ಬರೀ 1 ಡಿಗ್ರಿ ವಾಲಿದ್ದರೂ ಸೆಕೆಂಡಿಗೆ 8.7 ಸೆಂ.ಮೀ.ನಷ್ಟು ಇಲ್ಲದ ಲಂಬ ಗಾಳಿ ಕಾಣಿಸಿಕೊಳ್ಳುತ್ತದೆ. ಗಣಿತದಲ್ಲಿ ಅಕ್ಷಗಳನ್ನು ತಿರುಗಿಸಿ ಇದನ್ನು ಸರಿಪಡಿಸುವುದು ವಾಡಿಕೆಯಾದರೂ, ವಾಲಿದ್ದು ಕಂಬವೋ ನೆಲದ ಇಳಿಜಾರೋ ಎಂದು ಗಣಿತಕ್ಕೆ ಗೊತ್ತಾಗುವುದಿಲ್ಲ.

ಎರಡನೆಯ ಬಗೆಯದು ಬಳಸಲು ಎಲ್ಲಕ್ಕಿಂತ ಸುಲಭ, ಬೆಲೆಯಲ್ಲಿಯೂ ಸಾಮಾನ್ಯವಾಗಿ ಹಗುರ. ಕಂಬದ ತುದಿಗೆ ಸಿಕ್ಕಿಸಿ, ಉತ್ತರದ ಗುರುತನ್ನು ಉತ್ತರಕ್ಕೆ ತಿರುಗಿಸಿ, ತಂತಿ ಜೋಡಿಸಿದರೆ ಕೆಲಸ ಮುಗಿಯಿತು. ಹಿಂದಿನ ಗಾಳಿ, ಮುಂದಿನ ಗಾಳಿ ಎಂಬ ಭೇದವಿಲ್ಲ. ನಮ್ಮಲ್ಲಿ ಅದನ್ನು ಜೋಡಿಸಲು ಅರ್ಧ ಗಂಟೆ ಸಾಕಾಯಿತು. ಬೆಳಗಿನ ಹೊತ್ತು ಹಕ್ಕಿಯೊಂದು ಬಂದು ಅದರ ನೆತ್ತಿಯ ಮೇಲೆ ಕೂರುತ್ತಿದ್ದುದನ್ನೂ, ಆ ಹತ್ತು ನಿಮಿಷಗಳ ಅಂಕಿಗಳು ನೋಡುವಂತಿರುತ್ತಿದ್ದುದನ್ನೂ ವಿನ್ಯಾಸದ ದೋಷವೆಂದು ನಾನು ಹೇಳುವುದಿಲ್ಲ. ವಿನ್ಯಾಸದ ನಿಜವಾದ ದೋಷ ಆ ಮೂರು ಕಡ್ಡಿಗಳಲ್ಲಿದೆ. ಎಲ್ಲ ದಿಕ್ಕಿಗೂ ತೆರೆದಿದೆ ಎಂಬ ಮಾತಿನ ಇನ್ನೊಂದು ಮುಖವೆಂದರೆ, ಎಲ್ಲ ದಿಕ್ಕಿನಲ್ಲೂ ಒಂದಲ್ಲ ಒಂದು ಅಡ್ಡಿ ಇದೆ ಎಂಬುದು. ಗಾಳಿಯ ದಿಕ್ಕಿಗೆ ಅನುಗುಣವಾಗಿ ಅವಳಿಗಳ ಸರಾಸರಿಯೊಡನೆ ಇದರ ಅನುಪಾತವನ್ನು ಚಿತ್ರಿಸಿದಾಗ 120 ಡಿಗ್ರಿಗೊಮ್ಮೆ ಮರುಕಳಿಸುವ ಏರಿಳಿತ ಕಣ್ಣಿಗೆ ಬಿತ್ತು. ಬರೀ ಒಟ್ಟು ಸರಾಸರಿಯನ್ನು ನೋಡಿದ್ದರೆ ಆ ಏರಿಳಿತಗಳು ಒಂದನ್ನೊಂದು ಅಳಿಸಿಹಾಕಿ ಉಪಕರಣ ಬಹಳ ಒಳ್ಳೆಯದೆಂದೇ ತೋರುತ್ತಿತ್ತು. ಹೋಲಿಕೆಯ ವರದಿಗಳನ್ನು ಓದುವವರು ದಿಕ್ಕಿನ ಚಿತ್ರ ಇದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಇದೇ ಬಗೆಯ ಬಹು ಬಳಕೆಯ ಮಾದರಿಯೊಂದರ ಪ್ರಕಟಿತ ಇತಿಹಾಸವನ್ನೂ ಇಲ್ಲಿ ಹೇಳಬೇಕು. ಅದರ ಫರ್ಮ್‌ವೇರ್‌ನಲ್ಲಿದ್ದ ತಪ್ಪಿನಿಂದ ಲಂಬ ವೇಗ ವರ್ಷಗಟ್ಟಲೆ ಕಡಿಮೆಯಾಗಿ ದಾಖಲಾಗುತ್ತಿತ್ತು. ಕೊನೆಗೆ ತಯಾರಕರೇ ಅದನ್ನು ಒಪ್ಪಿಕೊಂಡು, ಮೇಲ್ಮುಖ ಗಾಳಿಯನ್ನು 1.166ರಿಂದಲೂ ಕೆಳಮುಖ ಗಾಳಿಯನ್ನು 1.289ರಿಂದಲೂ ಗುಣಿಸಬೇಕೆಂದು ತಿದ್ದುಪಡಿ ಹೊರಡಿಸಿದರು. ಇದು ಶೇ ಒಂದೆರಡರ ಮಾತಲ್ಲ. ಈ ಗಾತ್ರದ ತಪ್ಪು ಅಷ್ಟು ಕಾಲ ಅಡಗಿರಲು ಸಾಧ್ಯವಾದದ್ದು, ಒಂದೇ ಉಪಕರಣವನ್ನು ಒಂಟಿಯಾಗಿ ನಿಲ್ಲಿಸಿದವರಿಗೆ ಅನುಮಾನಪಡಲು ಆಧಾರವೇ ಇಲ್ಲದಿದ್ದುದರಿಂದ. ಹಳೆಯ ಉಪಕರಣವನ್ನು ಎರಡನೆಯ ಕೈಯಿಂದ ಕೊಳ್ಳುವವರು ಬೆಲೆ ಕೇಳುವ ಮೊದಲು ಫರ್ಮ್‌ವೇರ್ ಸಂಖ್ಯೆ ಕೇಳಲಿ.

ಮೂರನೆಯದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ನಿರೀಕ್ಷೆಯಿತ್ತು. ಹಾದಿಯೊಂದು ನೇರ ಲಂಬವಾಗಿರುವುದರಿಂದ ಲಂಬ ವೇಗವನ್ನು ಯಾವ ಕೂಡಿಸುವಿಕೆಯೂ ಇಲ್ಲದೆ ನೇರವಾಗಿ ಓದಬಹುದು, ಮತ್ತು ಉಷ್ಣ ಹಾಗೂ ಆವಿಯ ಫ್ಲಕ್ಸ್‌ಗಳಿಗೆ (ಗಾಳಿ ಅವುಗಳನ್ನು ಮೇಲೆ ಕೆಳಗೆ ಒಯ್ಯುವ ಪ್ರಮಾಣಕ್ಕೆ) ಬೇಕಾದದ್ದು ಮುಖ್ಯವಾಗಿ ಲಂಬ ವೇಗವೇ. ಅಡ್ಡ ಹಾದಿಗಳ ಕಷ್ಟ ಬೇರೆ: ಗಾಳಿ ಹಾದಿಗೆ ಸಮಾನಾಂತರವಾಗಿ ಬೀಸಿದಾಗ ಟ್ರಾನ್ಸ್‌ಡ್ಯೂಸರ್‌ನ ನೆರಳು ನೇರವಾಗಿ ಹಾದಿಯ ಮೇಲೆಯೇ ಬೀಳುತ್ತದೆ. ಇದು ದಶಕಗಳಿಂದ ತಿಳಿದಿರುವ ವಿಷಯವಾದ್ದರಿಂದ ಉಪಕರಣವೇ ಒಳಗೆ ತಿದ್ದುಪಡಿ ಹಾಕಿ ಅಂಕಿಯನ್ನು ಹೊರಬಿಡುತ್ತದೆ. ಇಲ್ಲಿಯೇ ನನ್ನ ಅಸಮಾಧಾನ ಶುರುವಾಗುವುದು. ನಮಗೆ ಬಂದ ಘಟಕದಲ್ಲಿ ಆ ತಿದ್ದುಪಡಿ ಚಾಲೂ ಇದೆಯೋ ಇಲ್ಲವೋ ಎಂಬುದು ಹೊರಬರುವ ಮಾಹಿತಿಯ ಸಾಲಿನಲ್ಲಿ ಎಲ್ಲಿಯೂ ನಮೂದಾಗುತ್ತಿರಲಿಲ್ಲ, ಕೈಪಿಡಿಯಲ್ಲಿ ಅದಕ್ಕೆ ಮೀಸಲಾಗಿದ್ದುದು ಒಂದೇ ಸಾಲು. ಮೊದಲ ವಾರವೆಲ್ಲ ತಿದ್ದಿದ ಅಂಕಿಗಳನ್ನು ಉಳಿದವುಗಳ ತಿದ್ದದ ಅಂಕಿಗಳೊಡನೆ ಹೋಲಿಸುತ್ತ ಕುಳಿತಿದ್ದೆವು.

ಅದಕ್ಕಿಂತ ಗಂಭೀರವಾದದ್ದು ಮಳೆಯ ನಂತರ ಹೊರಬಿತ್ತು. ಟ್ರಾನ್ಸ್‌ಡ್ಯೂಸರ್‌ನ ಮುಖದ ಮೇಲೆ ನೀರಿನ ಹನಿ ಕುಳಿತರೆ ಯಾವ ಸೋನಿಕ್ ಆದರೂ ತಡವರಿಸುತ್ತದೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅವಳಿಗಳು ಅಂಥ ಹೊತ್ತಿನಲ್ಲಿ ದೋಷಸೂಚಕ ಸಂಕೇತವನ್ನು ಕಳಿಸಿದವು, ನಾವು ಆ ಅವಧಿಯನ್ನು ತೆಗೆದುಹಾಕಿದೆವು. ಈ ಘಟಕ ಮಾತ್ರ ಯಾವ ಸೂಚನೆಯೂ ಇಲ್ಲದೆ ಹಿಂದಿನ ಸರಿಯಾದ ಅಂಕಿಯನ್ನೇ ಮತ್ತೆ ಮತ್ತೆ ಕಳಿಸುತ್ತ ಹೋಯಿತು. ಗ್ರಾಫಿನಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ವೇಗದ ಏರಿಳಿತದ ಪ್ರಮಾಣ ಮಾತ್ರ ಸ್ವಲ್ಪ ತಗ್ಗಿದ್ದಂತೆ. ಒಂದೇ ಅಂಕಿ ದಶಮಾಂಶದ ಕೊನೆಯ ಸ್ಥಾನದವರೆಗೂ ಬದಲಾಗದೆ ಸಾಲಾಗಿ ಎಷ್ಟು ಸಲ ಬಂದಿದೆಯೆಂದು ಎಣಿಸಿದಾಗ ಗುಟ್ಟು ಬಯಲಾಯಿತು. ಪ್ರಕ್ಷುಬ್ಧ ಗಾಳಿಯಲ್ಲಿ ಹಾಗೆ ಆಗುವುದು ಸಾಧ್ಯವೇ ಇಲ್ಲ. ತಡವರಿಸುವ ಸಾಕ್ಷಿಯನ್ನು ಸಹಿಸಬಹುದು. ನೋಡದೆಯೇ ನೋಡಿದೆನೆಂದು ಹೇಳುವ ಸಾಕ್ಷಿಯಿಂದ ಹೋಲಿಕೆಯೇ ಕೆಡುತ್ತದೆ.

ಅಂಕಿಗಳನ್ನು ವಿಶ್ಲೇಷಿಸುವಾಗ ನಾವು ಕಲಿತದ್ದರಲ್ಲಿ ಎರಡು ಮಾತು ಉಪಕರಣದ ತೀರ್ಪಿಗೆ ನೇರವಾಗಿ ಸಂಬಂಧಿಸಿದವು. ಮೊದಲನೆಯದು, ಒಂದು ಉಪಕರಣವನ್ನು ಅಡ್ಡ ಅಕ್ಷದಲ್ಲೂ ಇನ್ನೊಂದನ್ನು ಲಂಬ ಅಕ್ಷದಲ್ಲೂ ಇಟ್ಟು ಸಾಮಾನ್ಯ ಕನಿಷ್ಠ ವರ್ಗದ ರೇಖೆ (ಚುಕ್ಕೆಗಳಿಗೆ ಹೊಂದಿಸುವ ನೇರ ರೇಖೆ) ಎಳೆಯುವ ಅಭ್ಯಾಸ. ಆ ವಿಧಾನ ಅಡ್ಡ ಅಕ್ಷದ ಉಪಕರಣದಲ್ಲಿ ತಪ್ಪೇ ಇಲ್ಲವೆಂದು ಭಾವಿಸುತ್ತದೆ; ತಪ್ಪಿದ್ದರೆ ರೇಖೆಯ ಇಳಿಜಾರು ತಾನಾಗಿ ತಗ್ಗುತ್ತದೆ. ಅಕ್ಷಗಳನ್ನು ಅದಲುಬದಲು ಮಾಡಿದರೆ ಇನ್ನೊಂದು ಉಪಕರಣ ‘ಕಡಿಮೆ’ ತೋರಿಸತೊಡಗುತ್ತದೆ. ಮಾರಾಟದ ಕರಪತ್ರಗಳಲ್ಲಿ ಕಾಣುವ ಎಷ್ಟೋ ಹೋಲಿಕೆಗಳಲ್ಲಿ ಯಾರದು ಯಾವ ಅಕ್ಷ ಎಂಬುದರ ಮೇಲೆಯೇ ಗೆಲುವು ನಿಂತಿರುವ ಸಾಧ್ಯತೆಯಿದೆ. ಎರಡರ ತಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ರೇಖೆಯನ್ನು ನಾವು ಬಳಸಿದೆವು. ಅರ್ಧ ಗಂಟೆಯ ಒಂದೊಂದು ಫ್ಲಕ್ಸ್‌ನಲ್ಲಿಯೂ ಗಾಳಿಯ ಆಕಸ್ಮಿಕತೆಯಿಂದಲೇ ಶೇ 10ರಿಂದ 20ರಷ್ಟು ಅನಿಶ್ಚಿತತೆ ಇರುವುದು ಸಾಮಾನ್ಯವಾದ್ದರಿಂದ, ಶೇ 3ರ ವ್ಯತ್ಯಾಸದ ಬಗ್ಗೆ ಮಾತನಾಡಲು ಕೆಲವು ದಿನಗಳ ಮಾಹಿತಿ ಯಾವ ಮೂಲೆಗೂ ಸಾಲದು.

ಎರಡನೆಯದು, ಆಧಾರಮಾನವಿಲ್ಲದ ಈ ಲೋಕದಲ್ಲಿ ಸಿಗುವ ಒಂದು ಆಸರೆ. ಸಾಕಷ್ಟು ಸಣ್ಣ ಸುಳಿಗಳ ಗಾತ್ರದಲ್ಲಿ ಪ್ರಕ್ಷುಬ್ಧತೆ ಎಲ್ಲ ದಿಕ್ಕಿಗೂ ಸಮನಾಗುತ್ತದೆ ಎಂಬ ಸಿದ್ಧಾಂತದ ಪ್ರಕಾರ, ಆವೃತ್ತಿಯ ಸ್ಪೆಕ್ಟ್ರಮ್ (ಯಾವ ಆವೃತ್ತಿಯಲ್ಲಿ ಎಷ್ಟು ಏರಿಳಿತವಿದೆ ಎಂದು ತೋರಿಸುವ ನಕ್ಷೆ) ಮೈನಸ್ 5/3 ಘಾತದಲ್ಲಿ ಇಳಿಯುವ ಭಾಗದಲ್ಲಿ ಲಂಬ ವೇಗದ ಸ್ಪೆಕ್ಟ್ರಮ್ ಗಾಳಿಯ ದಿಕ್ಕಿನ ವೇಗದ ಸ್ಪೆಕ್ಟ್ರಮ್‌ನ 4/3 ಪಟ್ಟು ಇರಬೇಕು. ಇದನ್ನು ಪರೀಕ್ಷಿಸಲು ಪಕ್ಕದ ಉಪಕರಣ ಬೇಕಿಲ್ಲ. ಉಪಕರಣವನ್ನು ಅದರ ಮಾತಿನಿಂದಲೇ ಪರೀಕ್ಷಿಸಬಹುದು. ಅನುಪಾತ 4/3ಕ್ಕಿಂತ ಗಣನೀಯವಾಗಿ ಕೆಳಗಿದ್ದರೆ ಲಂಬ ವೇಗ ಎಲ್ಲೋ ಸೋರುತ್ತಿದೆ ಎಂದು ಅನುಮಾನಿಸಬೇಕು. ಆದರೆ ಈ ಪರೀಕ್ಷೆಗೆ ತಿದ್ದದ, ಸೋಸದ, ಪೂರ್ಣ ವೇಗದ ಮೂಲ ಮಾಹಿತಿ ಬೇಕು. ಒಳಗೆ ಸರಾಸರಿ ತೆಗೆದು ಅಥವಾ ಫಿಲ್ಟರ್ ಹಾಕಿ ಕಳಿಸುವ ಉಪಕರಣದಲ್ಲಿ ಸ್ಪೆಕ್ಟ್ರಮ್‌ನ ಬಾಲ ಬೇಕಾದಂತೆ ಬಾಗಿರುತ್ತದೆ, ಮತ್ತು ಪರೀಕ್ಷೆಗೆ ಅರ್ಥವಿರುವುದಿಲ್ಲ.

ಉಷ್ಣತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೋನಿಕ್ ಕೊಡುವ ಉಷ್ಣತೆಯಲ್ಲಿ ಆರ್ದ್ರತೆಯ ಪಾಲೂ ಬೆರೆತಿರುತ್ತದೆ. ಏರಿಳಿತಕ್ಕೆ ಅದನ್ನು ನಂಬಬಹುದು, ಸರಾಸರಿ ಮೌಲ್ಯಕ್ಕೆ ಪ್ರತ್ಯೇಕ ಉಷ್ಣಮಾಪಕವೇ ಬೇಕು. ಈ ವಿಷಯದಲ್ಲಿ ಮೂರೂ ಬಗೆಗಳ ನಡುವೆ ಆಯ್ಕೆಗೆ ಕಾರಣವಾಗುವಂಥ ಭೇದ ನಮಗೆ ಕಾಣಲಿಲ್ಲ.

ಮಾರಾಟದ ನಂತರದ ಸೇವೆಯನ್ನೂ ತೂಗಲೇಬೇಕು. ಹೋಲಿಕೆಗೆ ಮೊದಲು ಉಪಕರಣವೊಂದನ್ನು ಮರುಮಾಪನಕ್ಕೆ ಕಳಿಸಿದ್ದೆವು. ಅದು ಹಿಂತಿರುಗಿದಾಗ ಜೊತೆಗಿದ್ದ ಪ್ರಮಾಣಪತ್ರದಲ್ಲಿ ‘ನಿಗದಿತ ಮಿತಿಯೊಳಗಿದೆ’ ಎಂಬ ವಾಕ್ಯವಷ್ಟೇ ಇತ್ತು. ಬಂದಾಗ ಹೇಗಿತ್ತು, ಏನನ್ನು ಬದಲಿಸಿದರು, ಶೂನ್ಯ ಗಾಳಿಯಲ್ಲಿ ಎಷ್ಟು ತೋರಿಸುತ್ತಿತ್ತು ಎಂಬ ಯಾವ ವಿವರವೂ ಇರಲಿಲ್ಲ. ಕೇಳಿ ಪಡೆಯಲು ಹಲವು ಪತ್ರಗಳು ಬೇಕಾದವು. ಇನ್ನೊಬ್ಬ ತಯಾರಕರು ಕೇಳದೆಯೇ ದುರಸ್ತಿಗೆ ಮೊದಲಿನ ಮತ್ತು ನಂತರದ ಅಂಕಿಗಳನ್ನು ಉಷ್ಣತೆಯ ಪ್ರತಿ ಮಟ್ಟಕ್ಕೂ ಕೊಟ್ಟಿದ್ದರು. ಶೂನ್ಯ ಗಾಳಿಯ ಪರೀಕ್ಷೆಯನ್ನಂತೂ ಮುಚ್ಚಿದ ಕೋಣೆಯಲ್ಲಿ, ಉಪಕರಣದ ತಲೆಯನ್ನು ಪೆಟ್ಟಿಗೆಯೊಳಗಿಟ್ಟು ಯಾರು ಬೇಕಾದರೂ ಮಾಡಬಹುದು. ಬಯಲಿಗೆ ಒಯ್ಯುವ ಮೊದಲೂ ತಂದ ಮೇಲೂ ನಾವು ನಾಲ್ಕಕ್ಕೂ ಅದನ್ನು ಮಾಡಿದೆವು.

ಇಷ್ಟರ ಮೇಲೆ ನನ್ನ ಶಿಫಾರಸು ಹೀಗಿದೆ. ಗಾಳಿಯ ದಿಕ್ಕು ಬಹುಮಟ್ಟಿಗೆ ಸ್ಥಿರವಾಗಿರುವ ಜಾಗದಲ್ಲಿ ಫ್ಲಕ್ಸ್ ಅಳೆಯುವವರಿಗೆ ಓರೆ ಹಾದಿಗಳ ತೋಳಿನ ಬಗೆಯೇ ಸರಿ, ನೆರಳಿನ ತಿದ್ದುಪಡಿಯನ್ನು ಸ್ವತಃ ಹಾಕಿಕೊಳ್ಳುವ ಷರತ್ತಿನ ಮೇಲೆ. ದಿಕ್ಕು ಬದಲಾಗುತ್ತಲೇ ಇರುವ ಜಾಗಕ್ಕೆ, ಅಥವಾ ಕಡಿಮೆ ಹಣದಲ್ಲಿ ಹೆಚ್ಚು ಸ್ಥಳಗಳನ್ನು ತುಂಬಬೇಕಾದವರಿಗೆ ಕಂಬದ ತುದಿಯ ಬಗೆ ತಕ್ಕದ್ದು. ಅದನ್ನು ತೆಗೆದುಕೊಂಡವರು ಕಡ್ಡಿಗಳಿರುವ ದಿಕ್ಕುಗಳನ್ನು ಗುರುತು ಹಾಕಿಟ್ಟುಕೊಳ್ಳಬೇಕು. ಹಾದಿಗಳು ಪರಸ್ಪರ ಲಂಬವಾಗಿರುವ ಮೂರನೆಯ ಬಗೆಯನ್ನು ತತ್ತ್ವದ ದೃಷ್ಟಿಯಿಂದ ನಾನು ಇಂದಿಗೂ ಮೆಚ್ಚುತ್ತೇನೆ, ಆದರೆ ನಮಗೆ ಬಂದ ಘಟಕದಂತೆ ದೋಷಸೂಚಕವಿಲ್ಲದೆ ಹಳೆಯ ಅಂಕಿಯನ್ನು ತುಂಬುವಂಥದ್ದನ್ನು ಯಾರಿಗೂ ಕೊಳ್ಳಲು ಹೇಳಲಾರೆ. ಯಾವುದನ್ನೇ ಕೊಂಡರೂ ಒಂದರ ಬದಲು ಎರಡನ್ನು ಕೊಳ್ಳಲು ಹಣವಿದ್ದರೆ, ಎರಡನೆಯದನ್ನು ಬೇರೆ ಜಾಗದಲ್ಲಿ ನಿಲ್ಲಿಸುವ ಮೊದಲು ಕೆಲವು ವಾರ ಮೊದಲನೆಯದರ ಪಕ್ಕದಲ್ಲಿ ನಿಲ್ಲಿಸಬೇಕು.

ಎರವಲು ತಂದ ಉಪಕರಣಗಳನ್ನು ಈಗ ಹಿಂತಿರುಗಿಸಿದ್ದೇವೆ. ಅವಳಿಗಳಲ್ಲಿ ಒಂದನ್ನು ಮಾತ್ರ ಅದೇ ಕಂಬದಲ್ಲಿ, ಅದೇ ಮುಖವಾಗಿ, ಒಂದು ತಿರುಪನ್ನೂ ಸಡಿಲಿಸದೆ ಬಿಟ್ಟಿದ್ದೇವೆ. ಮುಂದೆ ಬರುವ ಉಪಕರಣ ಯಾವುದೇ ಇರಲಿ, ಅದು ಮೊದಲು ಅದರ ಪಕ್ಕದಲ್ಲಿ ನಿಲ್ಲಲಿದೆ.